ಮೊದಲ ಕೌದಿಗೆ ಮೂರು ಪದರ ಸಾಕು

ಮೊದಲ ಸಲವೇ ಡಬಲ್ ಕಾಟ್ ಅಳತೆಯ ಕೌದಿಗೆ ಕೈ ಹಾಕಬೇಡಿ. ಅರ್ಧಕ್ಕೇ ನಿಂತು ಅಟ್ಟ ಸೇರುವುದು ಅಂಥವೇ. ಮಗುವಿಗೆ ಹೊದಿಸುವಷ್ಟು, ಅಂದರೆ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ ಇದ್ದರೆ ಸಾಕು. ಪದರವೂ ಮೂರೇ ಇರಲಿ. ದಾವಣಗೆರೆ, ಚಿತ್ರದುರ್ಗದ ಚಳಿ ಎಷ್ಟು ದಿನ? ಸಂಕ್ರಾಂತಿ ಕಳೆದರೆ ಮತ್ತೆ ಬಿಸಿಲೇ ಅಲ್ವಾ?

ಬಟ್ಟೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಹತ್ತಿ ಗಿರಣಿಗಳಿಂದ ಹೆಸರಾದ ಊರು ದಾವಣಗೆರೆ. ಹಳೆ ಹತ್ತಿ ಸೀರೆ, ಪಂಚೆ ಇಲ್ಲದ ಮನೆ ಕಡಿಮೆ. ಹಳೆಯದರ ಜೊತೆ ಹಳೆಯದನ್ನೇ ಸೇರಿಸಿ. ಗಟ್ಟಿ ಹೊಸ ಬಟ್ಟೆಯ ಪಕ್ಕ ಸವೆದ ಸೀರೆ ತುಂಡು ಹೊಲಿದರೆ, ಎಳೆತಕ್ಕೆ ಮೊದಲು ಹರಿಯುವುದು ಸೀರೆಯೇ. ಟೈಲರ್ ಅಂಗಡಿಯ ಕಟ್‌ಪೀಸ್ ತಂದಿದ್ದರೆ ಒಗೆದೇ ಕತ್ತರಿಸಿ. ಹೊಸ ಹತ್ತಿ ಕುಗ್ಗುತ್ತದೆ. ಗಾಢ ಬಣ್ಣದ ಬಟ್ಟೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಹತ್ತಿದರೆ ಪಕ್ಕಕ್ಕಿಡಿ.

ಮೊಳಕಾಲ್ಮೂರು ರೇಷ್ಮೆ ಎಷ್ಟೇ ಹಳೆಯದಾಗಿರಲಿ, ಕಲಿಯುವಾಗ ಬೇಡ, ಕೈಯಲ್ಲಿ ನಿಲ್ಲದೆ ಜಾರುತ್ತದೆ. ನಡುವೆ ಚಳ್ಳಕೆರೆ ಕಂಬಳಿ ಇಟ್ಟರೆ ಬೆಚ್ಚಗಿರುತ್ತದೆ ಅಂತ ಕೆಲವರಿಗೆ ಆಸೆ. ಉಣ್ಣೆ ಒಗೆದಾಗ ಹತ್ತಿಗಿಂತ ಜಾಸ್ತಿ ಕುಗ್ಗಿ ಇಡೀ ಕೌದಿ ಮುದುಡುತ್ತದೆ. ನಡುವಿಗೆ ಹಳೆ ಪಂಚೆಯೇ ಒಳ್ಳೆಯದು.

ಮೇಲ್ಪದರಕ್ಕೆ ಆರೂವರೆ ಇಂಚಿನ 48 ಚೌಕ ಕತ್ತರಿಸಿ. ಸುತ್ತ ಕಾಲು ಇಂಚು ಹೊಲಿಗೆಗೆ ಹೋದರೆ ಆರು ಇಂಚು ಉಳಿಯುತ್ತದೆ. ಸಾಲಿಗೆ ಆರರಂತೆ ಎಂಟು ಸಾಲು. ಮೊದಲು ನೆಲದ ಮೇಲೆ ಹರಡಿ, ದೂರ ನಿಂತು ಬಣ್ಣ ನೋಡಿ. ಚೌಕಗಳನ್ನು ಮೆಷಿನ್ನಿನಲ್ಲೇ ಜೋಡಿಸಬಹುದು, ತಪ್ಪೇನಿಲ್ಲ. ಒಂದು ಸಾಲಿನ ಹೊಲಿಗೆ ಅಂಚನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಮಡಚಿ ಇಸ್ತ್ರಿ ಮಾಡಿದರೆ ಸಾಲು ಕೂಡುವಲ್ಲಿ ಗಂಟಿನಂತೆ ದಪ್ಪ ಆಗುವುದಿಲ್ಲ.

ಕೆಳಪದರದ ಬಟ್ಟೆ ನಾಲ್ಕೂ ಕಡೆ ಎರಡೆರಡು ಇಂಚು ದೊಡ್ಡದಿರಬೇಕು: 40 ಇಂಚು ಅಗಲ, 52 ಇಂಚು ಉದ್ದ. ನೆಲ ಗುಡಿಸಿ ಅದನ್ನು ಉಲ್ಟಾ ಹಾಸಿ, ಸುಕ್ಕು ತೆಗೆದು, ಮೂಲೆಗಳಿಗೆ ಭಾರ ಇಡಿ. ಮೇಲೆ ಪಂಚೆ, ಅದರ ಮೇಲೆ ಚೌಕಗಳ ಪದರ. ಈಗ ಉದ್ದ ಉದ್ದ ಕಚ್ಚಾ ಹೊಲಿಗೆ (ಕೊನೆಗೆ ಕಿತ್ತುಹಾಕುವಂಥದ್ದು) ಹಾಕಿ, ನಡುವಿನಿಂದ ಅಂಚಿನ ಕಡೆಗೆ, ಅಂಗೈಯಗಲ ಬಿಟ್ಟು ಒಂದೊಂದು ಸಾಲು. ಬೇಜಾರಿನ ಕೆಲಸ, ಹೌದು. ಸುಮ್ನೆ ನಾಲ್ಕು ಪಿನ್ ಚುಚ್ಚಿ ಮುಂದೆ ಹೋದರೆ ಕೊನೆಗೆ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗಿ ಕೂರುತ್ತದೆ.

ಆಮೇಲೆ ಅಂಚು. ಹೆಚ್ಚಿಗೆ ಬಿಟ್ಟ ಬಟ್ಟೆಯ ಮೂಲೆಯನ್ನು ಮೊದಲು ತ್ರಿಕೋನವಾಗಿ ಒಳಕ್ಕೆ ಮಡಚಿ. ನಂತರ ಬದಿಗಳನ್ನು ಒಮ್ಮೆ ಒಂದು ಇಂಚು ಒಳಕ್ಕೆ, ಮೇಲ್ಪದರದ ಅಂಚು ಮುಚ್ಚುವಂತೆ ಇನ್ನೊಮ್ಮೆ ಮಡಚಿ ಹೊಲಿಯಿರಿ. ಮೂಲೆಯಲ್ಲಿ ಬಟ್ಟೆ ತೀರಾ ದಪ್ಪವಾದರೆ ತುದಿ ಸ್ವಲ್ಪ ಕತ್ತರಿಸಿ.

ಕೌದಿ ಹೊಲಿಗೆ ಕಚ್ಚಾ ಹೊಲಿಗೆಗೆ ತಿರುವುಮುರುವು. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುವುದು ಹಳಬರ ಕ್ರಮ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರೂ ಹೀಗೇ ಹೊಲಿಯುತ್ತಾರೆ. ಗಟ್ಟಿ ಹತ್ತಿ ದಾರ ಬೇಕು, ಒಂದು ಮಾರಿಗಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಗಂಟನ್ನು ಪದರಗಳ ನಡುವೆ ಎಳೆದು ಬಚ್ಚಿಡಿ. ಸೂಜಿಯಲ್ಲಿ ಮೂರು ನಾಲ್ಕು ಹೊಲಿಗೆ ತುಂಬಿಸಿಕೊಂಡು ಒಟ್ಟಿಗೆ ಎಳೆಯಿರಿ. ಒಂದೊಂದು ಹೊಲಿಗೆ ಕಾಲು ಇಂಚು, ಸಾಲುಗಳ ನಡುವೆ ಒಂದು ಇಂಚು ಸಾಕು. ಹಳಬರ ಕೌದಿಯಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ, ಅದನ್ನು ನೋಡಿ ಹೆದರಬೇಡಿ. ದಾರ ಬಿಗಿಯಾಗಿ ಎಳೆಯುವುದೇ ಹೊಸಬರ ಚಾಳಿ. ಪ್ರತಿ ಸಾಲು ಮುಗಿದಾಗ ಅಂಗೈಯಿಂದ ಸವರಿ ಸಡಿಲ ಮಾಡಿ. ಸೊಂಟಕ್ಕೂ ಅಷ್ಟೇ, ನಡುನಡುವೆ ಎದ್ದು ಓಡಾಡಿ.

ಸುತ್ತು ನಡುವಿಗೆ ಬಂದ ಮೇಲೆ ಕಚ್ಚಾ ದಾರ ಕಿತ್ತು, ತಣ್ಣೀರಲ್ಲಿ ಒಗೆಯಿರಿ. ಹಿಂಡಬೇಡಿ. ನೀರು ಕುಡಿದ ಕೌದಿ ಭಾರ, ಒಂದೇ ಹಗ್ಗಕ್ಕೆ ಹಾಕಿದರೆ ಜೋತುಬಿದ್ದು ಆಕಾರ ಕೆಡುತ್ತದೆ. ಎರಡು ಹಗ್ಗದ ಮೇಲೆ ಹರಡಿ.