ಗದ್ದಕ್ಕೆ ಹೊಲಿಗೆ ಬಿದ್ದ ಮೇಲೆ ನಾನು ಹೆಲ್ಮೆಟ್ ಹುಡುಕಿದ್ದು

ನನ್ನ ಗದ್ದದ ಕೆಳಗೆ ಐದು ಹೊಲಿಗೆಯ ಗುರುತಿದೆ. ಶೇವ್ ಮಾಡುವಾಗ ಬ್ಲೇಡು ಇವತ್ತಿಗೂ ಅಲ್ಲಿ ತಡವರಿಸುತ್ತದೆ. ಅದು ಆದದ್ದು ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ, ನಮ್ಮ ಸೋದರಮಾವನ ಕಾಫಿ ತೋಟದಲ್ಲಿ. ಸೈಕಲ್ ಮೇಲೆ. ತಲೆಗೆ ಹೆಲ್ಮೆಟ್ ಇದ್ದಾಗಲೇ.

ತೋಟದ ಮೇಲಿನ ಗೇಟಿನಿಂದ ಕಣದವರೆಗೆ ಜೀಪ್ ದಾರಿ ಸುತ್ತಿ ಬಳಸಿ ಬರುತ್ತದೆ. ಸಿಲ್ವರ್ ಮರಗಳ ನಡುವೆ ಅದನ್ನು ಅಡ್ಡಕ್ಕೆ ಕಡಿಯುವ ಒಂದು ಕಾಲುದಾರಿ ಇದೆ. ನಾನು ಮತ್ತು ಮಾವನ ಮಗ ಸೇರಿ ಅದನ್ನು ಸೈಕಲ್ ಇಳಿಸೋಕೆ ಹಸನು ಮಾಡಿಕೊಂಡಿದ್ದೆವು. ಮುಳ್ಳಯ್ಯನಗಿರಿ ಪಕ್ಕದಲ್ಲೇ ಇರುವಾಗ ತೋಟ ಯಾಕೆ ಅಂತ ಸ್ನೇಹಿತರು ಕೇಳುತ್ತಾರೆ. 1,930 ಮೀಟರಿನ ಆ ಗುಡ್ಡ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ, ಒಪ್ಪಿದೆ. ಆದರೆ ಆ ಹುಲ್ಲು, ಆ ಶೋಲಾ ಕಾಡು ನಮ್ಮ ಟೈರಿಗಲ್ಲ. ಟಾರು ರಸ್ತೆ ಬಿಟ್ಟು ನಾನು ಅಲ್ಲಿ ಇಳಿಸಿಲ್ಲ, ಇಳಿಸುವುದೂ ಇಲ್ಲ.

ಬಿದ್ದದ್ದು ಅಕ್ಟೋಬರಿನಲ್ಲಿ, ಮಳೆ ಬಿಟ್ಟು ಒಂದು ವಾರವಾಗಿತ್ತು. ಕಾಫಿ ಸಾಲಿನ ನಡುವೆ ನೀರು ಇಂಗಲಿ ಅಂತ ತೊಟ್ಟಿಲು ಗುಂಡಿ ತೆಗೆದಿರುತ್ತಾರಲ್ಲ, ಅದರ ಮೇಲೆ ಎಲೆ ತುಂಬಿ ನೆಲದ ಹಾಗೇ ಕಾಣುತ್ತಿತ್ತು. ಮುಂದಿನ ಚಕ್ರ ಒಳಗೆ ಹೋಯಿತು, ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋದೆ. ನೆತ್ತಿಗೆ ಏನೂ ತಾಗಲಿಲ್ಲ. ಗದ್ದ ಹೋಗಿ ಒಂದು ಕಲ್ಲಿಗೆ ಕೂತಿತು. ಕೆಳಗಿನ ಒಂದು ಹಲ್ಲಿನ ಮೂಲೆ ಹಾರಿತು. ಹೊಲಿಗೆ ಹಾಕುತ್ತಿದ್ದ ಡಾಕ್ಟರು "ಹೆಲ್ಮೆಟ್ ಹಾಕಿರಲಿಲ್ವಾ?" ಅಂದರು. ಹಾಕಿದ್ದೆ ಸಾರ್ ಅಂತ ಹೇಳೋಕೂ ಬಾಯಿ ಬರುತ್ತಿರಲಿಲ್ಲ.

ನನ್ನ ತಲೆ ಮೇಲಿದ್ದದ್ದು ಸಾಮಾನ್ಯ ಸೈಕಲ್ ಹೆಲ್ಮೆಟ್. ನೆತ್ತಿ ಮುಚ್ಚುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಮನುಷ್ಯ ಮುಂದಕ್ಕೆ ಬೀಳುತ್ತಾನೆ, ಮುಖ ಮೊದಲು ನೆಲ ಮುಟ್ಟುತ್ತದೆ. ಗದ್ದದ ಮುಂದೆ ಅಡ್ಡಪಟ್ಟಿ ಇರುವ ಫುಲ್‌ಫೇಸ್ ಬೇಕು ಅನ್ನೋದು ನನಗೆ ಗೊತ್ತಿಲ್ಲದೆ ಏನಲ್ಲ. ತೋಟದೊಳಗೆ ತಾನೆ ಅನ್ನೋ ಸಸಾರ.

ಹೊಲಿಗೆ ಬಿಚ್ಚಿದ ಮೇಲೆ ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ. ನಮ್ಮೂರಲ್ಲಿ ರ‍್ಯಾಲಿ ಹುಚ್ಚು ಹಳೆಯದು, ಹುಡುಕಿದರೆ ಯಾರ ಮನೆಯಲ್ಲಾದರೂ ಒಂದು ಮೋಟೋಕ್ರಾಸ್, ಅಂದರೆ ಮಣ್ಣಿನ ದಾರಿಯ ಬೈಕ್ ರೇಸಿನ, ಹೆಲ್ಮೆಟ್ ಸಿಗುತ್ತದೆ. ನನಗೂ ಸಿಕ್ಕಿತು. ಮೆಣಸು ತೂಗುವ ತಕ್ಕಡಿ ಮೇಲಿಟ್ಟರೆ 1,430 ಗ್ರಾಂ. ಮಾವ ನೋಡಿ "ಎಂತ ಮಾರಾಯ, ಸೈಕಲ್ಲಿಗೆ ಇದಾ!" ಅಂದರು. ಎರಡು ಭಾನುವಾರ ಹಾಕಿದೆ. ಇಳಿಯೋಕೆ ಏನೂ ತೊಂದರೆ ಇಲ್ಲ. ಆದರೆ ಇಳಿಯೋಕೆ ಮೊದಲು ಹತ್ತಬೇಕಲ್ಲ, ಮೋಟರ್ ಬೈಕಿನಲ್ಲಾದರೆ ಎಂಜಿನ್ ಹತ್ತುತ್ತದೆ, ಇಲ್ಲಿ ಎಂಜಿನ್ ನಾನೇ. ಗಾಳಿ ಆಡೋಕೆ ಕಿಂಡಿಗಳೇ ಕಡಿಮೆ. ಹತ್ತು ನಿಮಿಷಕ್ಕೆ ಬೆವರು ಕಣ್ಣಿಗಿಳಿಯಿತು, ಕನ್ನಡಕ ಮಬ್ಬಾಯಿತು. ಮೂರನೇ ಸಲ ಇಳಿಯುವಾಗ ಕುತ್ತಿಗೆ ಸೋತು ತಲೆ ತಾನಾಗಿ ಕೆಳಗೆ ನೋಡುತ್ತಿತ್ತು. ದಾರಿ ನೋಡಬೇಕಾದವನು ಟೈರು ನೋಡುತ್ತಿದ್ದರೆ ಮತ್ತೆ ಗುಂಡಿಗೇ ಅಲ್ವಾ? ಅದನ್ನು ವಾಪಸ್ ಕೊಟ್ಟೆ.

ಎರಡನೆಯದು ದುಡ್ಡು ಕೊಟ್ಟು ಮಾಡಿದ ತಪ್ಪು. ಆನ್‌ಲೈನ್‌ನಲ್ಲಿ ಒಂದು ಫುಲ್‌ಫೇಸ್ ಸಿಕ್ಕಿತು. ಹಗುರ, ನೋಡೋಕೆ ಥೇಟ್ ರೇಸಿನವರದ್ದೇ, ರೇಟೂ ಕೈಗೆಟುಕುವಂಥದ್ದು. ಬಂದ ಮೇಲೆ ಒಳಗಿನ ಸ್ಟಿಕ್ಕರ್ ಓದಿದೆ. ಇಎನ್ 1078 ಅಂತ ಮಾತ್ರ ಇತ್ತು. ಅದು ಯುರೋಪಿನ ಸೈಕಲ್ ಹೆಲ್ಮೆಟ್ ನಿಯಮ. ಸುಳ್ಳೇನಲ್ಲ, ಆದರೆ ಸ್ಕೇಟಿಂಗ್ ಮಾಡುವವರಿಗೂ ಪೇಟೆಯಲ್ಲಿ ಸೈಕಲ್ ತುಳಿಯುವವರಿಗೂ ಅದೇ. ಗದ್ದದ ಪಟ್ಟಿಗೆ ಅದರಲ್ಲಿ ಪರೀಕ್ಷೆಯೇ ಇಲ್ಲ. ಹೆಬ್ಬೆರಳಿನಿಂದ ಆ ಪಟ್ಟಿ ಒತ್ತಿದೆ, ಒಳಗೆ ಬಾಗಿತು. ನನ್ನ ಐದು ಹೊಲಿಗೆ ಇದ್ದ ಜಾಗಕ್ಕೇ ಪರೀಕ್ಷೆ ಇಲ್ಲದ ಹೆಲ್ಮೆಟ್ ಯಾಕೆ ಬೇಕು? ವಾಪಸ್ ಕಳಿಸಿದೆ. ಕೊರಿಯರ್ ಖರ್ಚು ನನ್ನ ತಲೆಗೇ ಬಂತು.

ಆಮೇಲೆ ಈ ಸ್ಟಿಕ್ಕರುಗಳ ಬಗ್ಗೆ ಸ್ವಲ್ಪ ಕೂತು ಓದಿದೆ. ಡೌನ್‌ಹಿಲ್‌ಗೆ, ಅಂದರೆ ಹೀಗೆ ಇಳಿಜಾರಿನಲ್ಲಿ ಸೈಕಲ್ ಇಳಿಸುವುದಕ್ಕೆ, ಅಂತಲೇ ಇರುವ ನಿಯಮ ಅಮೆರಿಕದ ಎಎಸ್‌ಟಿಎಂ ಎಫ್1952. ಹೆಲ್ಮೆಟ್ಟಿನೊಳಗೆ ಲೋಹದ ತಲೆ ಕೂರಿಸಿ ಎತ್ತರದಿಂದ ಬೀಳಿಸುತ್ತಾರೆ. ಚಪ್ಪಟೆ ಕಬ್ಬಿಣದ ಮೇಲೆ 2 ಮೀಟರಿನಿಂದ. ಇದು ಅಮೆರಿಕದ ಸಾಮಾನ್ಯ ಸೈಕಲ್ ಹೆಲ್ಮೆಟ್ಟಿಗೂ ಅಷ್ಟೇ. ವ್ಯತ್ಯಾಸ ಇರುವುದು ಗುಂಡುಕಲ್ಲಿನಂಥ ಮತ್ತು ಅಂಚುಕಲ್ಲಿನಂಥ ಕಬ್ಬಿಣದ ಮೇಲೆ ಬೀಳಿಸುವಾಗ. ಸಾಮಾನ್ಯ ಹೆಲ್ಮೆಟ್ಟಿಗೆ 1.2 ಮೀಟರ್, ಡೌನ್‌ಹಿಲ್‌ನದ್ದಕ್ಕೆ 1.6 ಮೀಟರ್. ನಮ್ಮ ತೋಟದಲ್ಲಿ ಚಪ್ಪಟೆ ನೆಲ ಅಂದರೆ ಕಣ ಒಂದೇ, ಉಳಿದದ್ದೆಲ್ಲ ಗುಂಡುಕಲ್ಲು, ಬೇರು, ಬೊಡ್ಡೆ. ಹಾಗಾಗಿ ನನಗೆ ಆ 1.6 ದೊಡ್ಡದಾಗಿ ಕಂಡಿತು. ಅದರ ಜೊತೆಗೆ ಗದ್ದದ ಪಟ್ಟಿಗೆ ಬೇರೆಯೇ ಪೆಟ್ಟು ಕೊಟ್ಟು ಎಷ್ಟು ಬಾಗುತ್ತದೆ ಅಂತ ಅಳೆಯುತ್ತಾರೆ.

2 ಮೀಟರ್ ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗ ಆಯಿತು. ಇಷ್ಟೇನಾ ಅನ್ನಿಸಿತು ನನಗೂ, ನಾವು ಇಳಿಯುವಾಗ ಅದಕ್ಕಿಂತ ಜಾಸ್ತಿ ಇರುತ್ತೇವಲ್ಲ ಅಂತ. ಆದರೆ ಜಾರಿ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ಜೋರು ಹೆಚ್ಚಾಗಿ ತಲೆ ಎಷ್ಟು ಎತ್ತರದಿಂದ ಬಿತ್ತು ಅನ್ನುವುದರ ಮೇಲಿರುತ್ತದೆ. ನೇರ ಮರಕ್ಕೆ ಹೋಗಿ ಗುದ್ದಿದರೆ ಮಾತು ಬೇರೆ, ಅದಕ್ಕೆ ಯಾವ ಸ್ಟಿಕ್ಕರೂ ಜಾಮೀನು ನಿಲ್ಲಲ್ಲ.

ಇನ್ನು ಕೆಲವು ಹೆಲ್ಮೆಟ್ಟಿನ ಮೇಲೆ ಹಳದಿ ಚುಕ್ಕೆಯಾಗಿ ಕಾಣುವ ಮಿಪ್ಸ್. ಸ್ವೀಡನ್ನಿನ ಮೆದುಳು ಶಸ್ತ್ರಚಿಕಿತ್ಸಕ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಸ್ಟಾಕ್‌ಹೋಮಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಹಾಲ್ಡಿನ್ 1990ರ ದಶಕದಲ್ಲಿ ಶುರು ಮಾಡಿದ ಕೆಲಸ ಅದು. ಹೆಲ್ಮೆಟ್ ಒಳಗೆ ಜಾರುವ ಒಂದು ತೆಳು ಪದರ ಇರುತ್ತದೆ. ಓರೆಯಾಗಿ ಪೆಟ್ಟು ಬಿದ್ದಾಗ 10ರಿಂದ 15 ಮಿಲಿಮೀಟರ್ ಸರಿದು, ತಲೆ ಗಕ್ಕನೆ ತಿರುಗುವುದನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಇದ್ದರೆ ಒಳ್ಳೆಯದು. ಆದರೆ ಅಳತೆ ಸರಿ ಇಲ್ಲದ ಮಿಪ್ಸ್‌ಗಿಂತ ಸರಿಯಾಗಿ ಕೂರುವ ಮಿಪ್ಸ್ ಇಲ್ಲದ್ದನ್ನೇ ನಾನು ತಗೊಳ್ಳುತ್ತೇನೆ.

ಅಳತೆಗೆ ನಮ್ಮೂರ ಎಂ.ಜಿ. ರೋಡಿನ ಒಬ್ಬ ಟೈಲರ್ ಹತ್ತಿರ ಹೋದೆ. ಹುಬ್ಬಿನಿಂದ ಒಂದು ಇಂಚು ಮೇಲೆ, ಹಿಂದೆ ಬುರುಡೆ ಉಬ್ಬಿರುವ ಜಾಗದ ಮೇಲೆ ಟೇಪು ಸುತ್ತಿಸಿದೆ. 58 ಸೆಂಟಿಮೀಟರ್. "ಮೈಸೂರು ಪೇಟಾನಾ ಸಾರ್?" ಅಂತ ಕೇಳಿದರು. ದುಡ್ಡು ತಗೊಳ್ಳಲಿಲ್ಲ.

ಒಂದು ಶನಿವಾರ ಬೆಳಗ್ಗೆ ಐದೂವರೆಗೆ ಬೆಂಗಳೂರಿಗೆ ಹೊರಟೆವು, ನಾನು ಮತ್ತು ಮಾವನ ಮಗ. ನನ್ನ ಕನ್ನಡಕ, ಗಾಗಲ್, ಕೈಗವಸು, ಬೆನ್ನಿಗೆ ಹಾಕುವ ಚೀಲ ಎಲ್ಲ ಜೊತೆಗೆ. ಅಂಗಡಿಯಲ್ಲಿ ನಾಲ್ಕು ಫುಲ್‌ಫೇಸ್ ಇದ್ದವು, ನಾಲ್ಕರಲ್ಲೂ ಎಫ್1952 ಇತ್ತು. ಮೊದಲನೆಯದು ಹಾಕಿದ ಕೂಡಲೇ ಆಹಾ ಅನ್ನಿಸಿತು, ದಿಂಬಿನ ಹಾಗಿತ್ತು. ಅದೇ ತಪ್ಪು. ಹೊಸ ಹೆಲ್ಮೆಟ್ ಹಾಕಿದಾಗ ಎಲೆ ಅಡಿಕೆ ತುಂಬಿಕೊಂಡವನ ಹಾಗೆ ಕೆನ್ನೆ ಒಳಗೆ ಒತ್ತಿಕೊಳ್ಳಬೇಕು, ಮಾತಾಡಿದರೆ ಕೆನ್ನೆ ಹಲ್ಲಿಗೆ ಸಿಗಬೇಕು. ಒಳಗಿನ ಸ್ಪಂಜು ಮುಂದೆ ಬಳಸ್ತಾ ಬಳಸ್ತಾ ಇಳಿದೇ ಇಳಿಯುತ್ತದೆ. ಇವತ್ತೇ ಸಡಿಲ ಅಂದರೆ ಮೂರು ತಿಂಗಳಿಗೆ ಗಿಲಕಿ.

ಎರಡನೆಯದರ ಬಕಲ್ ಪಟ್ಟಿ ಬಿಗಿದು ತಲೆಯನ್ನು ಇಲ್ಲ ಇಲ್ಲ ಅಂತ ಆಡಿಸಿದೆ. ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಬರಬೇಕು. ಬಂತು. ಆಮೇಲೆ ಮಾವನ ಮಗನಿಗೆ ಹಿಂದಿನಿಂದ, ಕುತ್ತಿಗೆ ಹತ್ತಿರದ ಅಂಚು ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸು ಅಂದೆ. ಅವನು ಸ್ವಲ್ಪ ಉತ್ಸಾಹದಿಂದಲೇ ಎಳೆದ. ಹೆಲ್ಮೆಟ್ ಮುಂದೆ ಬಂದು ನನ್ನ ಕಣ್ಣು ಮುಚ್ಚಿತು, ಕನ್ನಡಕ ಕೆಳಗೆ ಬಿತ್ತು. ಅಂಗಡಿಯ ಹುಡುಗ ಗಾಬರಿಯಾಗಿ "ಸಾರ್, ಹಾಗೆಲ್ಲ ಎಳೀಬಾರದು" ಅಂದ. ನೆಲ ಹೀಗೇ ಎಳೆಯುತ್ತಪ್ಪಾ ಅಂದೆ. ಅದೂ ಬೇಡವಾಯಿತು.

ಮೂರನೆಯದು ಎಲ್ಲದರಲ್ಲೂ ಪಾಸು. ಸರಿ ಅಂತ ಹಾಕಿಕೊಂಡೇ ಒಂದು ಸ್ಟೂಲ್ ಮೇಲೆ ಕೂತೆ. ಇಪ್ಪತ್ತು ನಿಮಿಷ ಕೂತಿರೋದು ನನ್ನ ಪದ್ಧತಿ. ಬಂದು ಹೋಗುವವರೆಲ್ಲ ನೋಡುತ್ತಾರೆ, ನೋಡಲಿ. ಹನ್ನೆರಡನೇ ನಿಮಿಷಕ್ಕೆ ಎರಡೂ ಕಿವಿಯ ಮೇಲೆ ನೋವು ಶುರುವಾಯಿತು. ನನ್ನ ತಲೆ ಗುಂಡಗೆ, ಅಮ್ಮ ಚಿಕ್ಕಂದಿನಲ್ಲಿ ಚೆಂಡು ಅಂತಲೇ ಕರೆಯುತ್ತಿದ್ದಳು. ಆ ಹೆಲ್ಮೆಟ್ಟಿನ ಒಳಗು ಹಿಂದೆ ಮುಂದೆ ಉದ್ದ, ಪಕ್ಕದಲ್ಲಿ ಕಿರಿದು. ಸುತ್ತಳತೆ ಒಂದೇ ಆದರೂ ಆಕಾರ ಬೇರೆ. ಉದ್ದ ತಲೆಯವರು ಗುಂಡನೆಯ ಹೆಲ್ಮೆಟ್ ಹಾಕಿದರೆ ಇದೇ ನೋವು ಹಣೆಗೆ ಬರುತ್ತದೆ. ಒಂದೇ ಕಡೆ ಒತ್ತುವ ಈ ನೋವು ಬಳಸ್ತಾ ಬಳಸ್ತಾ ಹೋಗಲ್ಲ. ಸ್ಪಂಜು ಇಳಿಯುತ್ತದೆ, ಅದರ ಹಿಂದಿನ ಗಟ್ಟಿ ಭಾಗ ಇಳಿಯಲ್ಲ.

ನಾಲ್ಕನೆಯದು ಕೂತಿತು. ಕನ್ನಡಕ ಹಾಕುವವರು ಇಲ್ಲಿ ಒಂದು ವಿಷಯ ಗಮನಿಸಿ. ಹೆಲ್ಮೆಟ್ ಹಾಕಿದ ಮೇಲೆ ಕನ್ನಡಕದ ಕಡ್ಡಿ ಒಳಗೆ ತೂರಬೇಕು, ಕಣತಲೆ ಒತ್ತಬಾರದು. ಅದರ ಮೇಲೆ ಗಾಗಲ್ ಹಾಕಿದಾಗ ಅದರ ಚೌಕಟ್ಟು ಹೆಲ್ಮೆಟ್ಟಿನ ಕಿಂಡಿಯೊಳಗೆ ಪೂರ್ತಿ ಕೂರಬೇಕು, ಮೂಗು ಅದುಮಬಾರದು. ಬೆನ್ನಿಗೆ ಚೀಲ ಹಾಕಿ, ಸೈಕಲ್ ಮೇಲೆ ನಿಂತ ಹಾಗೆ ಬಗ್ಗಿ ಮೇಲೆ ನೋಡಿದೆ. ಹಿಂದಿನ ಅಂಚು ಚೀಲಕ್ಕೆ ತಾಗಲಿಲ್ಲ. ಕೈಗವಸು ಹಾಕಿಕೊಂಡೇ ಬಕಲ್ ಹಾಕಿ ತೆಗೆದೆ. ಅದು ಆಯಸ್ಕಾಂತದ ಬಕಲ್, ಒಂದೇ ಕೈ ಸಾಕು. ಎರಡು ಉಂಗುರದಲ್ಲಿ ಪಟ್ಟಿ ತೂರಿಸುವ ಡಿ ರಿಂಗ್ ಕೂಡ ಗಟ್ಟಿಯೇ, ಆದರೆ ಕೈಗವಸಿನಲ್ಲಿ ನನಗೆ ಬಗ್ಗಲ್ಲ.

ತೂಕ 790 ಗ್ರಾಂ, ಬೆಲೆ 17,500 ರೂಪಾಯಿ. ಮಾವನಿಗೆ ಒಂಬತ್ತು ಅಂತ ಹೇಳಿದ್ದೇನೆ. ಯಾವ ಕಂಪನಿ ಅಂತ ಹೇಳಿ ಪ್ರಯೋಜನ ಇಲ್ಲ, ನನ್ನ ಚೆಂಡಿಗೆ ಕೂತದ್ದು ನಿಮಗೆ ಕೂರಬೇಕಲ್ಲ. ಮಾವನ ಮಗ ಗದ್ದದ ಪಟ್ಟಿ ಕಳಚಿ ಇಡಬಹುದಾದ ಬೆಲ್ ಸೂಪರ್ ಡಿಎಚ್ ಮೇಲೆ ಕಣ್ಣಿಟ್ಟಿದ್ದಾನೆ. ಅದಕ್ಕೂ ಎಫ್1952 ಇದೆ. ಹತ್ತುವಾಗ ತೆಗೆದಿಡಬಹುದು, ನಿಜ. ಆದರೆ ಇಳಿಯುವಾಗ ಮತ್ತೆ ಹಾಕಿಕೊಳ್ಳುವ ತಾಳ್ಮೆ ಅವನಿಗಿದೆ ಅಂತ ನನಗೆ ನಂಬಿಕೆ ಇಲ್ಲ.

ಮನೆಗೆ ತಂದ ಮೇಲೆ ಜಗಲಿಯಲ್ಲಿ ಒಂದು ಅಭ್ಯಾಸ ಮಾಡಿದೆವು. ನಾನು ಬಿದ್ದ ಹಾಗೆ ಮಲಗಿದೆ. ಕುತ್ತಿಗೆಗೆ ಪೆಟ್ಟಾಗಿರಬಹುದು ಅನ್ನಿಸಿದರೆ ಹೆಲ್ಮೆಟ್ ಕಿತ್ತು ಎಳೆಯಬಾರದು, ಆಂಬುಲೆನ್ಸ್ ಬರುವವರೆಗೆ ತಲೆ ಅಲ್ಲಾಡಿಸದೆ ಹಿಡಿದುಕೊಳ್ಳಬೇಕು. ತೆಗೆಯಲೇಬೇಕು ಅಂದರೆ ಕೆನ್ನೆಯ ಪ್ಯಾಡಿಗೆ ಕೆಳಗಡೆ ಕೆಂಪು ಪಟ್ಟಿ ಇರುತ್ತದೆ. ಮೊದಲು ಅದನ್ನು ಎಳೆದು ಪ್ಯಾಡು ಹೊರಗೆ ತೆಗೆದರೆ ಹೆಲ್ಮೆಟ್ ಸಡಿಲವಾಗುತ್ತದೆ. ಎಲ್ಲ ಹೆಲ್ಮೆಟ್ಟಿನಲ್ಲೂ ಇದು ಇರಲ್ಲ, ಕೊಳ್ಳುವಾಗ ಕೇಳಿ. ಮೇಸ್ತ್ರಿಗೂ ತೋರಿಸಿಕೊಟ್ಟೆ, ವಾರದ ದಿನ ತೋಟದಲ್ಲಿ ಇರುವವರು ಅವರೇ.

ಮಳೆಗಾಲದ್ದು ಬೇರೆ ಕಥೆ. ಒಂದು ಜುಲೈಯಲ್ಲಿ ಒದ್ದೆ ಹೆಲ್ಮೆಟ್ಟನ್ನು ಅತ್ತೆ ಪಾಪ ಒಳ್ಳೆಯ ಮನಸ್ಸಿನಿಂದ ಬಚ್ಚಲ ಒಲೆ ಮೇಲೆ, ಸ್ವೆಟರ್ ಪಕ್ಕದಲ್ಲಿ ನೇತು ಹಾಕಿದ್ದರು. ಓಡಿಹೋಗಿ ತೆಗೆದೆ. ಒಳಗಿರುವ ಇಪಿಎಸ್ ಅಂದರೆ ನಮ್ಮ ಥರ್ಮಾಕೋಲೇ, ಜಾಸ್ತಿ ಬಿಸಿ ತಡೆಯಲ್ಲ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಇಡಬಾರದು, ಪೆಟ್ರೋಲ್, ಥಿನ್ನರ್ ಹಾಕಿ ಒರೆಸಲೂಬಾರದು. ಪ್ಯಾಡುಗಳನ್ನು ಮಾತ್ರ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಆದರೂ ಆಗಸ್ಟ್ ಬರುವಷ್ಟರಲ್ಲಿ ಬೂಷ್ಟಿನ ವಾಸನೆ ಬಂದೇ ಬರುತ್ತದೆ, ಅದಕ್ಕೆ ಮದ್ದು ನನಗೆ ಸಿಕ್ಕಿಲ್ಲ.

ಕಳೆದ ಡಿಸೆಂಬರಿನಲ್ಲಿ, ಕಾಫಿ ಕುಯ್ಲಿನ ಸಮಯ, ಮತ್ತೆ ಬಿದ್ದೆ. ಈ ಸಲ ಬೇರಿನ ಮೇಲೆ ಟೈರು ಜಾರಿ. ಗದ್ದದ ಪಟ್ಟಿ ಮತ್ತು ಬಲಗಡೆ ಕಿವಿಯ ಮೇಲಿನ ಭಾಗ ನೆಲಕ್ಕೆ ಬಡಿಯಿತು. ಎದ್ದು ಮಣ್ಣು ಕೊಡವಿಕೊಂಡು ಕಾಫಿ ಕುಡಿದೆ. ಹೊರಗೆ ನೋಡಿದರೆ ಬರೀ ಉಗುರು ಗೀರಿದ ಹಾಗಿತ್ತು. ಪ್ಯಾಡು ಬಿಚ್ಚಿ ಟಾರ್ಚ್ ಹಿಡಿದರೆ ಥರ್ಮಾಕೋಲಿನಲ್ಲಿ ಕೂದಲೆಳೆಯಂಥ ಬಿರುಕು, ಪಕ್ಕದಲ್ಲಿ ಹೆಬ್ಬೆರಳು ಅಗಲ ತಗ್ಗು. ಇಪಿಎಸ್ ಒಂದು ಸಲ ಜಜ್ಜಿದರೆ ಮತ್ತೆ ಉಬ್ಬಿ ಬರಲ್ಲ. ಅದರ ಕೆಲಸ ಮುಗಿಯಿತು.

ಮೇಸ್ತ್ರಿ "ಬಿಸಾಡೋದಾದ್ರೆ ನನ್ ಮಗನ ಬೈಕಿಗಾದ್ರೂ ಆಗುತ್ತಲ್ಲ ಸಣ್ಣಯ್ಯ" ಅಂದರು. ಬಿರುಕು ಬಿಡದಿದ್ದರೂ ಕೊಡುತ್ತಿರಲಿಲ್ಲ. ಇದು ಸೈಕಲ್ಲಿನದು, ಐಎಸ್‌ಐ ಗುರುತಿಲ್ಲ, ರಸ್ತೆಯಲ್ಲಿ ಬೈಕಿಗೆ ನಡೆಯಲ್ಲ. ಯಾರೂ ಹಾಕಿಕೊಳ್ಳದಿರಲಿ ಅಂತ ಬಕಲ್ ಪಟ್ಟಿ ಕತ್ತರಿಸಿದೆ. ಈಗ ಅದು ಗದ್ದೆಯಲ್ಲಿ ಬೆರ್ಚಪ್ಪನ ತಲೆ ಮೇಲಿದೆ. ಅವನ ತಲೆಯೂ ಗುಂಡಗೇ, ಚೆನ್ನಾಗಿ ಕೂತಿದೆ.

ನಾನು ಅದೇ ಮಾಡೆಲ್, ಅದೇ ಸೈಜು ಫೋನಿನಲ್ಲೇ ಹೇಳಿ ತರಿಸೋಣ ಅಂತಿದ್ದೆ. ಈ ವರ್ಷ ಒಳಗಿನ ಪ್ಯಾಡು ಬದಲಾಗಿದೆ ಅಂದರು. ಮತ್ತೆ ಒಂದು ಶನಿವಾರ, ಐದೂವರೆಗೆ.