ಪತ್ರಿಕೆಯ ನಕ್ಷೆಯಿಂದ ಉಣ್ಣೆಯ ಕುಲಾವಿ

ಫಿಲಡೆಲ್ಫಿಯಾದಿಂದ 1842ರಿಂದ 1898ರವರೆಗೆ ಹೊರಬರುತ್ತಿದ್ದ ‘ಪೀಟರ್ಸನ್ಸ್ ಮ್ಯಾಗಝೀನ್’ ಎಂಬ ಮಹಿಳಾ ಮಾಸಪತ್ರಿಕೆಯ 1860ರ ದಶಕದ ಸಂಚಿಕೆಯೊಂದರಲ್ಲಿದ್ದ ನಕ್ಷೆಯನ್ನು ಆಧರಿಸಿ, ಕಳೆದ ಚಳಿಗಾಲದಲ್ಲಿ ನಾನು ಹೆಂಗಸರ ಉಣ್ಣೆಯ ಕುಲಾವಿಯೊಂದನ್ನು ಕೈಯಲ್ಲೇ ಹೊಲಿದೆ. ಸಿಂಗರ್ ಹೊಲಿಗೆ ಯಂತ್ರಕ್ಕೆ 1851ರಲ್ಲೇ ಪೇಟೆಂಟ್ ದೊರೆತಿದ್ದುದರಿಂದ ಯಂತ್ರ ಬಳಸಿದ್ದರೂ ಆ ಕಾಲಕ್ಕೆ ಸಲ್ಲದ ಕೆಲಸವಾಗುತ್ತಿರಲಿಲ್ಲ. ಆದರೆ ದಪ್ಪ ಉಣ್ಣೆಯ ತಿರುವುಗಳು ಕೈಹೊಲಿಗೆಗೇ ಚೆನ್ನಾಗಿ ಬಗ್ಗುತ್ತವೆ.

ಅಂಗೈಗಿಂತ ಚಿಕ್ಕದಾದ ಆ ನಕ್ಷೆಯಲ್ಲಿದ್ದುದು ಮೂರೇ ತುಂಡು: ಮುಖವನ್ನು ಬಳಸುವ ಮುಂಭಾಗ, ಹಿಂದಲೆಯ ಭಾಗ, ಕತ್ತಿನ ಮೇಲೆ ಇಳಿಬೀಳುವ ನಿರಿಗೆಯ ಪಟ್ಟಿ. ಅಂಚುಗಳ ಪಕ್ಕದಲ್ಲಿ ಅಂಗುಲದ ಲೆಕ್ಕವಿತ್ತೇ ಹೊರತು, ಹೊಲಿಗೆಗೆ ಎಷ್ಟು ಬಟ್ಟೆ ಬಿಡಬೇಕೆಂಬ ಸೂಚನೆ ಇರಲಿಲ್ಲ. ಓದುವವಳು ಹೊಲಿಗೆ ಬಲ್ಲವಳೆಂದೇ ಪತ್ರಿಕೆ ನಂಬಿತ್ತು. ಆ ನಂಬಿಕೆ ನನಗೆ ಬಹಳ ಹಿಡಿಸಿತು.

ಅಳತೆಗಳನ್ನು ದೊಡ್ಡ ಕಾಗದಕ್ಕೆ ಇಳಿಸಿ, ಸುತ್ತಲೂ ಅರ್ಧ ಅಂಗುಲ ಸೇರಿಸಿ, ಮೊದಲು ಕೋರಾ ಬಟ್ಟೆಯಲ್ಲಿ ಮಾದರಿಯೊಂದನ್ನು ಕಚ್ಚಾ ಹೊಲಿಗೆ ಹಾಕಿ ಜೋಡಿಸಿದೆ. ಹಿಂದಲೆಯಲ್ಲಿ ಅದು ಚೀಲದಂತೆ ಜೋಲುತ್ತಿದ್ದುದನ್ನು ಕಂಡು ನಕ್ಷೆಯೇ ತಪ್ಪೆಂದು ಭಾವಿಸಿ ಎರಡು ಅಂಗುಲ ಕತ್ತರಿಸಿಬಿಟ್ಟೆ. ಮರುದಿನ ಆ ಕಾಲದ ಹೆಂಗಸರಂತೆ ನಡುಬೈತಲೆ ತೆಗೆದು, ಕತ್ತಿಗೆ ತಾಗುವಂತೆ ತುರುಬು ಕಟ್ಟಿ ಹಾಕಿಕೊಂಡರೆ, ಕುಲಾವಿ ಕಿವಿಯನ್ನು ದಾಟಿ ಮುಂದೆ ಬರಲೇ ಇಲ್ಲ. ನಾನು ಕತ್ತರಿಸಿದ್ದು ತುರುಬಿನ ಜಾಗವನ್ನು! ಮಾದರಿಯನ್ನು ಹೊಸದಾಗಿ ಮಾಡಿದೆ.

ಹೊರಗೆ ಕಂದು ಉಣ್ಣೆ, ಒಳಗೆ ತೆಳುವಾದ ರೇಷ್ಮೆಯ ಅಸ್ತರಿ, ನಡುವೆ ಹತ್ತಿಯ ಪದರ. ರೇಷ್ಮೆಯನ್ನೂ ಹತ್ತಿಯನ್ನೂ ಸೇರಿಸಿ ಓರೆಚೌಕಗಳಾಗಿ ಹೊಲಿಯುವಾಗ ಬಟ್ಟೆ ಎಲ್ಲ ಕಡೆಯಿಂದಲೂ ಒಳಕ್ಕೆ ಸೆಳೆದುಕೊಳ್ಳುತ್ತದೆ. ಆದ್ದರಿಂದ ಅಗಲವಾದ ತುಂಡಿನ ಮೇಲೆ ಆ ಹೊಲಿಗೆಯನ್ನೆಲ್ಲ ಮುಗಿಸಿ, ಅನಂತರವೇ ಕಾಗದವನ್ನಿಟ್ಟು ಕತ್ತರಿಸಬೇಕು. ದಾರವನ್ನು ಜೇನುಮೇಣದ ಮೇಲೆ ಎಳೆದುಕೊಂಡಿದ್ದರಿಂದ ಅದು ಗಂಟು ಬೀಳದೆ ಸರಾಗವಾಗಿ ಸಾಗಿತು.

ಕತ್ತಿನ ಪಟ್ಟಿಗೆ ಮಾತ್ರ ಮೂರು ಸಂಜೆ ಹಿಡಿಯಿತು. ಉಣ್ಣೆಯನ್ನು ಸುಮ್ಮನೆ ಸುರುಕಿದರೆ ಮುದ್ದೆಯಾಗುತ್ತದೆ. ಅದಕ್ಕಾಗಿ ಒಂದರ ಕೆಳಗೊಂದು ಸರಿಹೊಂದುವಂತೆ ಎರಡು ಸಾಲು ಟಾಕಾ ಹಾಕಿ, ಎರಡೂ ದಾರಗಳನ್ನು ಒಟ್ಟಿಗೆ ಎಳೆದು, ಕೊಳವೆಗಳಂತೆ ಎದ್ದು ನಿಂತ ಒಂದೊಂದು ನಿರಿಗೆಯನ್ನೂ ಬೇರೆಬೇರೆಯಾಗಿ ಅಂಚಿಗೆ ಹೊಲಿದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿಯನ್ನು ಒತ್ತಿ ಎತ್ತಿದಾಗ, ಉಬ್ಬಿದ್ದ ಹೊಲಿಗೆಗಳು ಹಬೆಗೆ ಚಪ್ಪಟೆಯಾಗಿ ಕುಳಿತವು.

ಗದ್ದದ ಕೆಳಗೆ ಕಟ್ಟುವ ರಿಬ್ಬನ್ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಅದನ್ನು ಬಿಚ್ಚಿ ಬದಲಾಯಿಸಲು ಅನುಕೂಲವಾಗಲೆಂದು, ಕಿವಿಯ ಬಳಿ ನಾಲ್ಕೇ ಟಾಕಾ ಹಾಕಿ ನಿಲ್ಲಿಸಿದ್ದೇನೆ.