ಬಿದ್ದ ಮೇಲೂ ಚೆಂಡು ನಮ್ಮದೇ: ಕಬಡ್ಡಿ ಹುಡುಗರಿಗೆ ರಗ್ಬಿ ಕಲಿಸುವಾಗ

ನಾನು ಬೆಂಗಳೂರಿನಲ್ಲಿ ಸಂಜೆ ಹೊತ್ತು ರಗ್ಬಿ ಹೇಳಿಕೊಡುವ ಹುಡುಗರಲ್ಲಿ ಅರ್ಧಕ್ಕರ್ಧ ಕಬಡ್ಡಿಯಿಂದ ಬಂದವರು. ಅವರಿಗೆ ಮೈಮೇಲೆ ಬೀಳೋದಕ್ಕೆ ಹೆದರಿಕೆಯಿಲ್ಲ. ತಕರಾರು ಶುರುವಾಗುವುದು ಬಿದ್ದ ಮೇಲೆ. ಒಂದು ಪಂದ್ಯದಲ್ಲಿ ಮಂಡ್ಯ ಕಡೆಯ ಹುಡುಗ ಚೆಂಡು ಹಿಡಿದು ಚೆನ್ನಾಗಿ ನುಗ್ಗಿದ, ಸಿಕ್ಕಿಬಿದ್ದ, ಚೆಂಡನ್ನು ಎದೆಗವಚಿಕೊಂಡು ಮಲಗಿಬಿಟ್ಟ. ಪೆನಾಲ್ಟಿ. ಹತ್ತು ನಿಮಿಷದಲ್ಲಿ ಮತ್ತೆ ಅದೇ ಕಥೆ.

"ಬಿಟ್ಟರೆ ಅವರು ತಗೊಂಡುಬಿಡ್ತಾರಲ್ಲ ಸರ್?"

ನ್ಯಾಯವಾದ ಪ್ರಶ್ನೆಯೇ. ಆದರೆ ನಿಯಮ ಬೇರೆ. ಟ್ಯಾಕಲ್ ಆದವನು, ಅಂದರೆ ಎದುರಾಳಿ ಹಿಡಿದು ಕೆಡವಿದವನು, ಚೆಂಡನ್ನು ತಕ್ಷಣ ನೆಲಕ್ಕೆ ಇಡಬೇಕು, ಪಾಸ್ ಮಾಡಬೇಕು, ಇಲ್ಲವೇ ಬಿಡಬೇಕು. ಕೆಡವಿದ ಎದುರಾಳಿಯೂ ಕೂಡಲೇ ಕೈಬಿಟ್ಟು ಪಕ್ಕಕ್ಕೆ ಉರುಳಬೇಕು. ಆ ಒಂದೆರಡು ಸೆಕೆಂಡಿನ ಜಟಾಪಟಿಯೇ ಬ್ರೇಕ್‌ಡೌನ್.

ನಾನು ಅವನನ್ನು ತಿರುಗಿ ಕೇಳಿದೆ: "ರೈಡ್‌ನಲ್ಲಿ ಸಿಕ್ಕಿಬಿದ್ದರೆ ಏನು ಮಾಡ್ತೀಯ?" "ಕೈ ಚಾಚಿ ಗೆರೆ ಮುಟ್ತೀನಿ." "ಅದನ್ನೇ ಮಾಡು. ಕೈಯಲ್ಲಿ ಚೆಂಡು ಇರುತ್ತೆ, ಅಷ್ಟೇ."

ಈಗ ಎಲ್ಲರಿಗೂ ಅಲ್ಲಿಂದಲೇ ಶುರು ಮಾಡುತ್ತೇನೆ. ನೆಲದ ಮೇಲೆ ಸುಣ್ಣದ ಗೆರೆ. ಅದರಿಂದ ಒಂದು ಆಳುದ್ದ ಮುಂದೆ ಜೊತೆಗಾರ ಮಂಡಿಯೂರಿ ಸೊಂಟ ಹಿಡಿದು ಕೆಡವುತ್ತಾನೆ. ಬೀಳುವವನು ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಭುಜ ನೆಲಕ್ಕೆ ಕೊಡಬೇಕು. ಕೈ ಊರಬಾರದು, ಮಣಿಕಟ್ಟು ಹೋಗುತ್ತೆ. ಬಿದ್ದ ಕೂಡಲೇ ಕಾಲು ಎದುರಾಳಿ ಕಡೆ, ತಲೆ ನಮ್ಮ ಕಡೆ, ಮರದ ದಿಮ್ಮಿ ಹಾಗೆ ನೀಳವಾಗಿ. ಎರಡೂ ಕೈಯಿಂದ ಚೆಂಡನ್ನು ಹಿಂದಿನ ಗೆರೆಯ ಮೇಲೆ ಇಡಬೇಕು. ಈಗ ಕದಿಯೋಕೆ ಬಂದವನು ಇವನ ಇಡೀ ಮೈ ದಾಟಿ ಬಗ್ಗಬೇಕು. ಅಷ್ಟು ಹೊತ್ತಿಗೆ ನಮ್ಮವನು ಬಂದಿರುತ್ತಾನೆ.

ಬಂದಿರಬೇಕು, ಅಷ್ಟೇ ಮಾತು! ಹಾಗೆ ಬಗ್ಗಿ ಚೆಂಡು ಕದಿಯುವವನಿಗೆ ಜಾಕಲ್ ಅಂತಾರೆ. ನ್ಯೂಜಿಲೆಂಡಿನ ರಿಚಿ ಮೆಕಾ, ಆಸ್ಟ್ರೇಲಿಯಾದ ಡೇವಿಡ್ ಪೊಕಾಕ್ ಆಡುತ್ತಿದ್ದಾಗ ಇದರಲ್ಲಿ ಎತ್ತಿದ ಕೈ. ಕಾಲು ಅಗಲಿಸಿ, ಬಗ್ಗಿ, ಚೆಂಡಿನ ಮೇಲೆ ಕೈ ಊರಿದ ಮೇಲೆ ಅಂಥವರನ್ನು ಕದಲಿಸೋದು ಬಂಡೆ ತಳ್ಳಿದಂತೆ. ನೆಲದ ಚೆಂಡಿನ ಮೇಲೆ ಎರಡೂ ಕಡೆಯವರು ನಿಂತು ಮೈಗೆ ಮೈ ಕೊಟ್ಟು ತಳ್ಳಾಡೋದೇ ರಕ್. ಅದು ಆಗುವ ಮುಂಚೆಯೇ ನಿಂತುಕೊಂಡು ಚೆಂಡಿಗೆ ಕೈ ಹಾಕಿದ್ದರೆ ಅವರು ಬಿಡಬೇಕಾಗಿಯೂ ಇಲ್ಲ. ಹಾಗಾಗಿ ಶಕ್ತಿಗಿಂತ ಮುಂಚೆ ಬರೋದು ಮುಖ್ಯ. ನಮ್ಮವನು ಸಿಕ್ಕಿಬಿದ್ದ ಮೇಲೆ ಓಡಿ ಬಂದರೆ ತಡವಾಯಿತು. ಅವನು ನುಗ್ಗುವಾಗಲೇ ಹೆಗಲ ಹಿಂದೆ ಇರಬೇಕು.

ಇದಕ್ಕೆ ನನ್ನ ಸಾಮಾನು ಹಳೇ ಹಾಸಿಗೆ. ಸುರುಳಿ ಸುತ್ತಿ ಹಗ್ಗ ಬಿಗಿದು, ಒಬ್ಬ ಅದನ್ನು ಚೆಂಡಿನ ಮೇಲೆ ಬಗ್ಗಿಸಿ ಹಿಡಿಯುತ್ತಾನೆ, ಅದೇ ನಮ್ಮ ಜಾಕಲ್. ಬಿದ್ದವರ ಮೈ ಅಗಲಕ್ಕೆ ಹಿಂದೆ ಸುಣ್ಣದಲ್ಲಿ ಬಾಗಿಲು ಬರೆಯುತ್ತೇನೆ. ಅದನ್ನು ತಳ್ಳೋಕೆ ನಮ್ಮವನು ಒಳಗೆ ಬರೋದು ಆ ಬಾಗಿಲಿನಿಂದ ಮಾತ್ರ, ಪಕ್ಕದಿಂದ ನುಗ್ಗಿದರೆ ಪೆನಾಲ್ಟಿ. ಕೊನೆಯ ಎರಡು ಹೆಜ್ಜೆ ಚಿಕ್ಕದು. ಮೈ ಮೊದಲೇ ತಗ್ಗಿರಬೇಕು, ಬೆನ್ನು ಚಪ್ಪಟೆ, ಕಣ್ಣು ಮುಂದೆ. ತಲೆ ತಗ್ಗಿಸಿ ಬಂದವನನ್ನು ಅಲ್ಲೇ ನಿಲ್ಲಿಸುತ್ತೇನೆ, ಕತ್ತಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಭುಜ ಹಾಸಿಗೆಯ ಕೆಳಗೆ ಹೋಗಬೇಕು, ಎರಡೂ ಕೈ ತಬ್ಬಬೇಕು, ಆಮೇಲೆ ಚೆಂಡು ದಾಟುವವರೆಗೆ ಕಾಲು ತುಳಿಯುತ್ತಲೇ ಇರಬೇಕು. ತಾನು ಮಾತ್ರ ಬೀಳಬಾರದು. ನಿಂತ ಎದುರಾಳಿಯ ಮೈ ತಬ್ಬಿ ತಿರುಚಿ ಕೆಡವುವ ಮೊಸಳೆ ಪಟ್ಟು 2024ರ ಜುಲೈನಿಂದ ನಿಷಿದ್ಧ. ನಮ್ಮ ಹುಡುಗರಿಗೆ ಅದರ ಮೇಲೆ ವಿಪರೀತ ಆಸೆ, ನೋಡ್ತಾ ಇರಿ.

ಇನ್ನೊಂದು ರೋಗ: ಎಲ್ಲರೂ ರಾಶಿ ಬೀಳೋದು. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದು ಸೆವೆನ್ಸ್, ತಂಡಕ್ಕೆ ಏಳೇ ಜನ. ನಾವು ಆಡೋದೂ ಅದೇ. ಏಳು ಜನರಲ್ಲಿ ಮೂವರು ಒಂದು ಚೆಂಡಿನ ಮೇಲೆ ಬಿದ್ದರೆ ಪಾಸ್ ತಗೊಳ್ಳೋಕೆ ಯಾರಿದ್ದಾರೆ? ಹಾಗಾಗಿ ಮೂರಕ್ಕೆ ಮೂರು ಆಡಿಸುತ್ತೇನೆ. ಹಾಸಿಗೆ ಹಿಡಿದವನು ಕೆಲವು ಸಲ ಬರುತ್ತಾನೆ, ಕೆಲವು ಸಲ ಸುಮ್ನೆ ನಿಲ್ಲುತ್ತಾನೆ. ಅವನು ಬಂದರೆ ತಳ್ಳು. ಬರಲಿಲ್ಲವಾ, ಚೆಂಡೆತ್ತಿಕೊಂಡು ಓಡು. ಮೊದಲ ವಾರ ಯಾರೂ ಇಲ್ಲದ ಕಡೆಯೂ ಹಾರಿ ಬೀಳುತ್ತಾರೆ, ನಗು ಬರುತ್ತೆ.

ಬೇಸಿಗೆಯಲ್ಲಿ ಮಾಡಿಸುವುದಾದರೆ ಹಿಂದಿನ ರಾತ್ರಿಯೇ ನೆಲಕ್ಕೆ ನೀರು ಬಿಡಿ. ಒಣಗಿದ ಕೆಂಪು ಮಣ್ಣಿನಲ್ಲಿ ಸೊಂಟದ ಚರ್ಮ ಒಮ್ಮೆ ಕಿತ್ತರೆ, ಆ ಹುಡುಗ ಮುಂದಿನ ಸಂಜೆ ಬರೋದೇ ಇಲ್ಲ.